ಐವರ್ ಪ್ರಾಸರ್‌ನ ಆರು ಸಾವಿರ ಮೈಲಿ

ಸಿರಿಲ್ ಬ್ಯಾಗ್ನಾಲ್‌ಗೆ ಕಾರುಗಳ ವಿಷಯ ಏನೇನೂ ಗೊತ್ತಿರಲಿಲ್ಲ. ಇದು ಅವನ ಹೆಂಡತಿ ಎನಿಡ್‌ಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ಅವನಿಗಂತೂ ಅಂಥ ಅನುಮಾನವೇ ಬಂದಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಬೂಟು. ಮಾರ್ಟನ್‌ಬ್ರಿಜ್‌ನ ಪೇಟೆ ಬೀದಿಯ ಬೂಟಿನ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಮಂಡಿಯೂರಿ ಕೂತು, ಊರಿನವರ ಪಾದ ಅಳೆದು ನಿವೃತ್ತನಾದವನು ಅವನು. ಯಾರದೋ ಹಳೆಯ ಬೂಟೊಂದನ್ನು ಕೈಗೆ ಕೊಟ್ಟರೆ ಅಟ್ಟೆ ತಿರುಗಿಸಿ ನೋಡಿ, “ಇವರಿಗೆ ಬಲ ಮಂಡಿ ನೋವು. ಮೆಟ್ಟಿಲು ಹತ್ತುವಾಗ ಕಂಬಿ ಹಿಡ್ಕೋತಾರೆ. ಮದುವೆಯಾಗಿ ಬಹಳ ವರ್ಷ ಆಗಿದೆ” ಎನ್ನುತ್ತಿದ್ದ. ಹತ್ತರಲ್ಲಿ ಏಳು ಸರಿಯಿರುತ್ತಿತ್ತು. ಉಳಿದ ಮೂರನ್ನು ಜನ ಸೌಜನ್ಯಕ್ಕೆ ಒಪ್ಪಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ದಿನವಿಡೀ ಅಡುಗೆಮನೆಯಲ್ಲಿ ನಿಂತು, ಎನಿಡ್ ಆಲೂಗಡ್ಡೆ ಸುಲಿಯುವ ರೀತಿಯ ಮೇಲೆ ಅಭಿಪ್ರಾಯ ಹೇಳತೊಡಗಿದ. ಅವಳು ಒಂದು ವಾರ ತಡೆದುಕೊಂಡು, ಎಂಟನೆಯ ದಿನ ಅವನನ್ನು ತಂದು ನಮ್ಮ ಹಳೇ ಕಾರುಗಳ ಕ್ಲಬ್ಬಿಗೆ ಸೇರಿಸಿದಳು. ಕ್ಲಬ್ಬು ಸೇರಲು ಹಳೆಯ ಕಾರು ಇರಲೇಬೇಕೆಂದಿಲ್ಲ. ಹಳೆಯ ಕಾರು ಇದ್ದವರ ಮಾತನ್ನು ಕೇಳುವ ತಾಳ್ಮೆ ಇದ್ದರೆ ಸಾಕು. ನನ್ನ ಹೆಸರು ವಿಲ್ಫ್, ಕ್ಲಬ್ಬಿನ ಕಾರ್ಯದರ್ಶಿ. ಕಾಗದ, ಪೆನ್ನು ನನ್ನ ಕೈಯಲ್ಲಿದ್ದದ್ದರಿಂದ ಮುಂದೆ ನಡೆದ ಪ್ರತಿಯೊಂದಕ್ಕೂ ನಾನು ಸಾಕ್ಷಿ. ಕೆಲವಕ್ಕೆ ಪಾಲುದಾರ ಕೂಡ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

1994ರ ಶರತ್ಕಾಲದಲ್ಲಿ ಬರ್ಮಿಂಗ್‌ಹ್ಯಾಮ್ ಕಡೆಯ ಒಬ್ಬ ವ್ಯಾಪಾರಿ ನಮ್ಮ ಸಭೆಗೆ ಹಸಿರು ಬಣ್ಣದ ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದ. “ಬರೀ ಹದಿನೆಂಟು ಸಾವಿರ ಮೈಲಿ ಓಡಿದೆ, ಮೀಟರ್ ನೋಡ್ಕೊಳ್ಳಿ” ಎಂದು ಬಾಗಿಲು ತೆರೆದು ನಿಂತ. ಎಲ್ಲರೂ ಮೀಟರ್ ನೋಡಿದರು. ಸಿರಿಲ್ ಮಾತ್ರ ಹಳೆಯ ಅಭ್ಯಾಸದಂತೆ ಮಂಡಿಯೂರಿ, ತಲೆಯನ್ನು ಒಳಗೆ ತೂರಿಸಿ, ಕ್ಲಚ್ಚು ಬ್ರೇಕುಗಳ ಪೆಡಲಿನ ರಬ್ಬರನ್ನು ನೋಡಿ ಹೊರಬಂದ.

“ಹದಿನೆಂಟು ಸಾವಿರಕ್ಕೆ ಅಟ್ಟೆ ಹೀಗೆ ಸವೆಯಲ್ಲ ಸ್ವಾಮಿ. ಯಾರದ್ದೋ ಎಡಗಾಲು ಇಲ್ಲಿ ಅರ್ಧ ಆಯಸ್ಸು ಕಳೆದಿದೆ.”

ವ್ಯಾಪಾರಿ ಕೆಂಪಗಾದ. ಏನೋ ತುರ್ತು ಕೆಲಸ ನೆನಪಾಯಿತೆಂದು ಕಾರು ತೆಗೆದುಕೊಂಡು ಹೊರಟೇಹೋದ.

ಅಲ್ಲಿಗೆ ಸಿರಿಲ್ ಕೆಟ್ಟ. ಮಾರನೆಯ ವಾರ ಒಂದು ಭೂತಗನ್ನಡಿ ಕೊಂಡ. ಅದರ ಮುಂದಿನ ವಾರ ಪುಟ್ಟ ಟಾರ್ಚು. ಕ್ರಿಸ್‌ಮಸ್ ಹೊತ್ತಿಗೆ ಒಂದು ಬಿಳಿಯ ನಿಲುವಂಗಿ ಹೊಲಿಸಿಕೊಂಡು ಅದನ್ನು ಹಾಕಿಕೊಂಡೇ ಸಭೆಗೆ ಹೊರಟ.

“ಏನ್ರೀ ಇದು, ಡೆನ್ಜಿಲ್ ಅಂಗಡೀಲಿ ಮಾಂಸ ಕಡಿಯೋಕೆ ಸೇರ್ಕೊಂಡ್ರಾ?” ಎಂದಳು ಎನಿಡ್. ಡೆನ್ಜಿಲ್ ರಜ್ ನಮ್ಮೂರಿನ ಕಟುಕ, ಕ್ಲಬ್ಬಿನ ಅಧ್ಯಕ್ಷ.

“ಇದು ಪರೀಕ್ಷಕರ ಉಡುಪು ಎನಿಡ್.”

“ನಮ್ಮ ಮನೆ ಕಾರು ಎಷ್ಟು ಮೈಲಿ ಓಡಿದೆ, ಹೇಳಿ ನೋಡೋಣ.”

ಸಿರಿಲ್‌ಗೆ ಗೊತ್ತಿರಲಿಲ್ಲ. “ಅದು ಹಳೇ ಕಾರಲ್ಲ” ಎಂದು ಹೇಳಿ, ಟೋಪಿ ಹಾಕಿಕೊಂಡು ಹೊರಬಿದ್ದ.

ಹೀಗಿರುವಾಗ ಐವರ್ ಪ್ರಾಸರ್ ತೀರಿಕೊಂಡ.

ಐವರ್ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಮಾತು ಕಡಿಮೆ. ಕಚೇರಿಗೆ ನಡೆದು ಹೋಗುತ್ತಿದ್ದ, ನಡೆದು ಬರುತ್ತಿದ್ದ. ಆದರೆ ಅವನ ಗ್ಯಾರೇಜಿನಲ್ಲಿ 1961ರಲ್ಲಿ ಹೊಸದಾಗಿ ಕೊಂಡ, ಎರಡೇ ಸೀಟಿನ, ಕೆಂಪು ಬಣ್ಣದ ಎಂ.ಜಿ. ಕಾರೊಂದು ಇತ್ತು. ಮೊದಲ ಮೂರು ವರ್ಷ ಅದನ್ನು ಓಡಿಸಿದ್ದನ್ನು ಜನ ನೋಡಿದ್ದರು. ಆಮೇಲೆ ಅದು ಗ್ಯಾರೇಜಿನಿಂದ ಹೊರಬರಲೇ ಇಲ್ಲ. ‘ಕಾರಿನ ಮೈಗೆ ಗಾಳಿ ಸೋಕಿದರೆ ಸವೆಯುತ್ತೆ ಅನ್ನೋ ಜಾತಿಯವನು’ ಎಂದು ಊರು ತೀರ್ಮಾನಿಸಿ, ಅವನನ್ನು ಅವನ ಪಾಡಿಗೆ ಬಿಟ್ಟಿತ್ತು.

ಅವನು ಸತ್ತ ಆರು ತಿಂಗಳಿಗೆ ಅವನ ಹೆಂಡತಿ ಹಿಲ್ಡಾ ಕ್ಲಬ್ಬಿಗೆ ಕಾಗದ ಬರೆದರು. ಬೇಸಿಗೆಯ ಕಾರು ಪ್ರದರ್ಶನದ ಲಾಟರಿಗೆ ಆ ಕಾರನ್ನೇ ಬಹುಮಾನವಾಗಿ ಕೊಡುತ್ತೇನೆ, ಬಂದ ಹಣದಲ್ಲಿ ಊರಿನ ವೃದ್ಧರನ್ನು ಓಡಾಡಿಸಲು ಒಂದು ವ್ಯಾನು ಕೊಳ್ಳಿ, ಅದರ ಮೇಲೆ ಐವರ್‌ನ ಹೆಸರು ಬರೆಸಿ, ಇಷ್ಟೇ ನನ್ನ ಆಸೆ ಎಂದು ಬರೆದಿದ್ದರು. ಮೀಟರ್ 6,412 ಮೈಲಿ ತೋರಿಸುತ್ತಿದೆಯೆಂದು ಕೆಳಗೆ ಚಿಕ್ಕದಾಗಿ ಸೇರಿಸಿದ್ದರು.

ಡೆನ್ಜಿಲ್ ರಜ್ ಮೇಜು ಗುದ್ದಿದ. “ಆರು ಸಾವಿರ! ದೇಶದ ಆ ತುದಿಯಿಂದ ಜನ ಟಿಕೆಟ್ ತಗೊಳ್ಳೋಕೆ ಬರ್ತಾರೆ. ಆದ್ರೆ ಮೈಲಿ ನಿಜ ಅಂತ ನಾವು ಬರೆದು ಕೊಡಬೇಕು. ನಾಳೆ ಯಾರಾದ್ರೂ ಮೋಸ ಅಂದ್ರೆ ಕ್ಲಬ್ಬಿನ ಮಾನ ಹೋಗುತ್ತೆ.”

ಎಲ್ಲರೂ ಸಿರಿಲ್‌ನ ಕಡೆ ತಿರುಗಿದರು. ಅವನು ಆಗಲೇ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಮಾರನೆಯ ಗುರುವಾರ ನಾವಿಬ್ಬರೂ ಹಿಲ್ಡಾರ ಮನೆಗೆ ಹೋದೆವು. ಅವರು ಶಾಜೀರಿಗೆ ಹಾಕಿದ ಕೇಕು ಮಾಡಿ, ಟೀ ತಂದಿಟ್ಟು, ಗ್ಯಾರೇಜಿನ ಬಾಗಿಲಲ್ಲಿ ಕೈಕಟ್ಟಿ ನಿಂತರು. ಎಪ್ಪತ್ತರ ಹತ್ತಿರದ, ಪುಟ್ಟ ಆಕೃತಿಯ ಹೆಂಗಸು. ಸಿರಿಲ್ ಕೇಕಿಗೂ ಕೈ ಹಾಕದೆ ನೇರ ಮಂಡಿಯೂರಿದ. ಭೂತಗನ್ನಡಿ ಹಿಡಿದ. ಟಾರ್ಚು ಹೊತ್ತಿಸಿದ. ಒಳಗಿನಿಂದ ‘ಹ್ಞೂಂ’, ‘ಅಯ್ಯಯ್ಯೋ’, ‘ಛೇ ಛೇ’ ಎಂಬ ಸದ್ದುಗಳು ಬಂದವು. ಹೊರಬಂದಾಗ ಅವನ ಮುಖ, ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆಯುವ ವೈದ್ಯರ ಮುಖವಾಗಿತ್ತು.

“ಮಿಸೆಸ್ ಪ್ರಾಸರ್, ಕ್ಲಚ್ಚಿನ ರಬ್ಬರು ತಗಡಿನ ತನಕ ಸವೆದಿದೆ. ಬ್ರೇಕಿಂದೂ ಅಷ್ಟೇ. ಗೇರಿನ ಗುಂಡು ಸವೆದು ಕನ್ನಡಿ ಆಗಿದೆ. ಹಿಮ್ಮಡಿ ಊರೋ ಜಾಗದಲ್ಲಿ ಕಾರ್ಪೆಟ್ ತೂತು ಬಿದ್ದಿದೆ. ಸೀಟು ನೋಡಿ, ಹೇಗೆ ಕುಸಿದಿದೆ.”

“ಹೌದಾ?” ಎಂದರು ಹಿಲ್ಡಾ.

“ಈ ಮೀಟರಲ್ಲಿ ಐದೇ ಅಂಕಿ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆದಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ. ಹೇಳೋಕೆ ಬೇಜಾರು. ಈ ಕಾರು ಓಡಿರೋದು ಆರು ಸಾವಿರ ಅಲ್ಲ, ಒಂದು ಲಕ್ಷದ ಆರು ಸಾವಿರ.”

ಹಿಲ್ಡಾರ ಕಣ್ಣು ತುಂಬಿ ಬಂತು. ಆಮೇಲೆ, ನಮಗೆ ಆಶ್ಚರ್ಯವಾಗುವಂತೆ, ನಸುನಕ್ಕರು.

“ಒಂದು ಲಕ್ಷ ಮೈಲಿ? ನಾನು ಯಾವತ್ತೂ ಕೂಡಿಸಿ ನೋಡಿರ್ಲಿಲ್ಲ. ಇರಬಹುದು. ಇದ್ರೂ ಇರಬಹುದು ಮಿಸ್ಟರ್ ಬ್ಯಾಗ್ನಾಲ್.”

ಗೇಟಿನ ಹೊರಗೆ ಬಂದ ಮೇಲೆ ಸಿರಿಲ್ ನನ್ನ ಮೊಣಕೈ ಹಿಡಿದ. “ಕೇಳಿದ್ಯಾ ವಿಲ್ಫ್? ಒಪ್ಕೊಂಡುಬಿಟ್ರು! ಪಾಪ, ಎಷ್ಟು ವರ್ಷದಿಂದ ಮನಸ್ಸಲ್ಲಿ ಇಟ್ಕೊಂಡಿದ್ರೋ.”

ನಾನು ಕೇಳಿದ್ದೆ. ಬರೆದುಕೊಂಡೂ ಇದ್ದೆ. ಕಾರಿನ ಗಾಜಿಗೆ ಅಂಟಿಸಿದ್ದ ರಸ್ತೆ ತೆರಿಗೆಯ ಚೀಟಿ 1964ರ ಸೆಪ್ಟೆಂಬರಿನದ್ದು ಎಂಬುದನ್ನೂ ಬರೆದುಕೊಂಡಿದ್ದೆ. ಅದನ್ನು ಬರೆಯದಿದ್ದರೆ ಚೆನ್ನಾಗಿತ್ತು.

ಸಭೆ ಎಂದಿನಂತೆ ‘ಪ್ಲೋ’ ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರಿತು. ಸಿರಿಲ್ ನಿಂತು ತೀರ್ಪು ಓದಿದ. ಯಾರೂ ಕಾರಿನ ಬಗ್ಗೆ ಮಾತಾಡಲಿಲ್ಲ.

“ಹಾಗಾದ್ರೆ,” ಎಂದ ಡೆನ್ಜಿಲ್ ನಿಧಾನವಾಗಿ, “ಅವನು ಹೋಗ್ತಿದ್ದದ್ದು ಎಲ್ಲಿಗೆ?”

ಹಿಲ್ಡಾ ಎಲ್ಲಿಗೂ ಹೋದವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಚರ್ಚಿನ ಹೂವು ಜೋಡಿಸುವುದು, ತರಕಾರಿ ಅಂಗಡಿ, ಮನೆ. ಅಂದಮೇಲೆ ಐವರ್ ಒಬ್ಬನೇ ಹೋಗಿದ್ದಾನೆ. ಯಾವಾಗ? ಭಾನುವಾರ ಮಧ್ಯಾಹ್ನ. ಊರಿಗೆ ಊರೇ ಹೊಟ್ಟೆ ತುಂಬ ಉಂಡು ಮಲಗಿರುವಾಗ. ಡೆನ್ಜಿಲ್ ಬೀರಿನ ಲೋಟದಡಿಯ ರಟ್ಟು ತೆಗೆದು ಲೆಕ್ಕ ಹಾಕಿದ. ಒಂದು ಲಕ್ಷ ಮೈಲಿ, ಮೂವತ್ತೊಂದು ವರ್ಷ. ವಾರಕ್ಕೆ ಅರವತ್ತೆರಡು ಮೈಲಿ.

“ಹೋಗೋಕೆ ಮೂವತ್ತೊಂದು, ಬರೋಕೆ ಮೂವತ್ತೊಂದು!”

ಗೋಡೆಯ ಮೇಲಿನ ಭೂಪಟ ಇಳಿಸಿದರು. ಪಬ್ಬಿನ ಮಾಲೀಕ ದಾರ ಕೊಟ್ಟ. ನಮ್ಮೂರಿನ ಮೇಲೆ ಪೆನ್ಸಿಲ್ ಊರಿ, ಮೂವತ್ತೊಂದು ಮೈಲಿಗೆ ಒಂದು ಸುತ್ತು ಎಳೆದರು. ಆ ಗೆರೆಯ ಮೇಲೆ ಸರಿಯಾಗಿ ಕೂತಿದ್ದದ್ದು ಲುಡ್ಲೋ ಪಟ್ಟಣ.

“ಲುಡ್ಲೋ,” ಎಂದ ಸಿರಿಲ್.

“ಲುಡ್ಲೋ,” ಎಂದರು ಎಲ್ಲರೂ.

ನಾನು ನಡಾವಳಿ ಪುಸ್ತಕದಲ್ಲಿ ‘ಲುಡ್ಲೋ’ ಎಂದು ಬರೆದೆ.

ಮಾರನೆಯ ಬೆಳಗ್ಗೆ ಹತ್ತಕ್ಕೆ ಅಂಚೆ ಕಚೇರಿಯ ಮ್ಯೂರಿಯಲ್ ಸ್ಟೋಕ್ಸ್, ಎಂಬತ್ತರ ದಶಕದಲ್ಲಿ ಲುಡ್ಲೋ ಪೇಟೆಯಲ್ಲಿ ಐವರ್‌ನನ್ನು ತಾನು ಕಣ್ಣಾರೆ ಕಂಡಿದ್ದಾಗಿ ಅಂಚೆಚೀಟಿ ಕೊಳ್ಳಲು ಬಂದವರಿಗೆ ಹೇಳಿದಳು. ಹನ್ನೊಂದಕ್ಕೆ ಅವನು ಹೆಂಗಸರ ಕೈಗವಸು ಕೊಳ್ಳುತ್ತಿದ್ದ. ಮಧ್ಯಾಹ್ನಕ್ಕೆ ಕೈಗವಸಿನ ಅಳತೆ ಆರೂವರೆ. ಹಿಲ್ಡಾರದ್ದು ಏಳು! ಶನಿವಾರದ ಹೊತ್ತಿಗೆ ಲುಡ್ಲೋದವಳಿಗೆ ಕೆಂಗೂದಲು ಬಂದಿತ್ತು. ಸೋಮವಾರ ಇಬ್ಬರು ಮಕ್ಕಳು ಹುಟ್ಟಿದರು. ದೊಡ್ಡವನ ಕಿವಿ ಥೇಟ್ ಐವರ್‌ನದೇ.

“ನಿನಗೆ ಹೆಂಗೆ ಗೊತ್ತು ಮ್ಯೂರಿಯಲ್?” ಎಂದು ಎನಿಡ್ ಕೇಳಿದಳಂತೆ.

“ನಿನ್ನ ಗಂಡಾನೇ ಕಂಡುಹಿಡಿದಿದ್ದಲ್ವೇ?” ಎಂದಳು ಮ್ಯೂರಿಯಲ್.

ಎನಿಡ್ ಮನೆಗೆ ಬಂದು, ನನ್ನ ಜೊತೆ ಟೀ ಕುಡಿಯುತ್ತ ಕೂತಿದ್ದ ಸಿರಿಲ್‌ನ ಮುಂದೆ ನಿಂತಳು. “ಏನ್ರೀ, ಒಬ್ಬ ಸತ್ತ ಮನುಷ್ಯನಿಗೆ ಎರಡು ಮಕ್ಕಳು ಮಾಡಿ ಕೊಟ್ಟುಬಿಟ್ಟಿದೀರಲ್ಲ, ನಿಮಗೆ ರಬ್ಬರು ನೋಡೋಕೆ ಹೇಳಿದ್ದೋ, ಸಂಸಾರ ಒಡೆಯೋಕೆ ಹೇಳಿದ್ದೋ?”

“ನಾನು ಬರೀ ಮೈಲಿ ಹೇಳಿದೆ ಎನಿಡ್. ಮೈಲಿ ಎಲ್ಲಿಗೆ ಹೋಯ್ತು ಅಂತ ನಾನು ಹೇಳಿಲ್ಲ.”

“ಲುಡ್ಲೋ ಅಂತ ಮೊದಲು ಬಾಯಿ ಬಿಟ್ಟಿದ್ದು ಯಾರು?”

ಸಿರಿಲ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಇತ್ತ ಹಿಲ್ಡಾರಿಗೆ ಊರಿನ ಹೊಸ ಅಕ್ಕರೆ ಅರ್ಥವಾಗಲಿಲ್ಲ. ತರಕಾರಿಯವನು ಕೇಳದೆಯೇ ಒಂದು ಹೂಕೋಸು ಹೆಚ್ಚಿಗೆ ಹಾಕಿದ. ಚರ್ಚಿನಲ್ಲಿ ಹೆಂಗಸರು ಅವರ ತೋಳು ಸವರಿ, ಏನೂ ಹೇಳದೆ ನಿಟ್ಟುಸಿರು ಬಿಟ್ಟು ಹೋದರು. ಗಂಡ ಸತ್ತಾಗಲೂ ಯಾರೂ ಇಷ್ಟು ಸವರಿರಲಿಲ್ಲ. ಬುಧವಾರ ಕಾನ್‌ಸ್ಟೇಬಲ್ ಬಂದ. ಮೂವತ್ತೊಂದು ವರ್ಷ ತೆರಿಗೆ ಚೀಟಿ ಇಲ್ಲದೆ, ವರ್ಷವರ್ಷದ ತಪಾಸಣೆ ಮಾಡಿಸದೆ, ಒಂದು ಲಕ್ಷ ಮೈಲಿ ಸಾರ್ವಜನಿಕ ರಸ್ತೆಯಲ್ಲಿ ಕಾರು ಓಡಿಸಲಾಗಿದೆಯೆಂದು ಯಾರೋ ಕಾಗದ ಬರೆದಿದ್ದರು. ಕ್ಲಬ್ಬಿನ ನಡಾವಳಿಯ ಪ್ರತಿಯನ್ನೂ ಲಗತ್ತಿಸಿದ್ದರು.

“ಮಾಲೀಕರು ತೀರಿಕೊಂಡಿದಾರೆ, ಗೊತ್ತು ಅಮ್ಮಾ,” ಎಂದ ಆ ಹುಡುಗ ಟೋಪಿ ತಿರುಗಿಸುತ್ತ. “ಆದ್ರೂ ಕಾಗದ ಬಂದಮೇಲೆ ಒಂದು ಮಾತು ಕೇಳಲೇಬೇಕು. ಲುಡ್ಲೋಗೆ ಹೋಗಿಬರ್ತಿದ್ದದ್ದು ನಿಮಗೆ ಗೊತ್ತಿತ್ತಾ?”

ಹಿಲ್ಡಾ ಕಾನ್‌ಸ್ಟೇಬಲ್‌ಗೆ ಟೀ ಕೊಟ್ಟು ಕಳಿಸಿದರು. ಆಮೇಲೆ ಕೋಟು ಹಾಕಿಕೊಂಡು ಅಂಚೆ ಕಚೇರಿಗೆ ಹೋಗಿ, ಲುಡ್ಲೋ ಎಂದರೆ ಏನೆಂದು ಮ್ಯೂರಿಯಲ್‌ಳನ್ನೇ ಕೇಳಿದರು. ಮ್ಯೂರಿಯಲ್ ಎಲ್ಲವನ್ನೂ ಹೇಳಿದಳು. ಸಾಲಿನಲ್ಲಿ ಏಳು ಜನ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಮ್ಯೂರಿಯಲ್ ಬಹಳ ಕಾಳಜಿಯಿಂದ, “ಅವಳು ಮಣ್ಣಿಗೆ ಬಂದಿದ್ಲಾ ಹಿಲ್ಡಾ? ಹಿಂದಿನ ಸಾಲಲ್ಲಿ ಯಾರೋ ಹಸಿರು ಹ್ಯಾಟಿನವಳು ಕೂತಿದ್ಲಲ್ಲ” ಎಂದು ಕೇಳಿದಳಂತೆ. ಅದು ಐವರ್‌ನ ಅಕ್ಕ.

ಶುಕ್ರವಾರ ಬೆಳಗ್ಗೆ ನಮ್ಮಿಬ್ಬರಿಗೂ ಹಿಲ್ಡಾರಿಂದ ಕರೆ ಬಂತು. “ಮಿಸ್ಟರ್ ಬ್ಯಾಗ್ನಾಲ್, ನಿಮ್ಮ ಪರೀಕ್ಷೆ ಅರ್ಧ ಆಗಿದೆ. ಬಂದು ಮುಗಿಸಿ,” ಎಂದಿದ್ದರು.

ಸಿರಿಲ್ ನಿಲುವಂಗಿಯಲ್ಲೇ ಬಂದ. ಈ ಸಲ ಕೇಕು ಇರಲಿಲ್ಲ. ಹಿಲ್ಡಾ ಗ್ಯಾರೇಜಿನ ಹಿಂಬಾಗಿಲನ್ನು ಎರಡೂ ಕಡೆಗೆ ತೆರೆದರು. ಅಂಥದೊಂದು ಬಾಗಿಲಿದೆಯೆಂದು ಹೋದ ಸಲ ನಾವು ಗಮನಿಸಿರಲಿಲ್ಲ. ಹೊರಗೆ ಸೇಬಿನ ಗಿಡಗಳು, ಆಚೆ ಹೊಲ, ಅದರಾಚೆ ನೀಲಿಯಾಗಿ ಮಾಲ್ವರ್ನ್ ಬೆಟ್ಟಗಳು. ಕಾರಿನ ಮೂತಿ ಆ ಕಡೆಗೇ ಇತ್ತು.

“ಒಳಗೆ ಕೂತ್ಕೊಳ್ಳಿ. ಸ್ಟೀರಿಂಗ್ ಹಿಂದೆ,” ಎಂದರು.

ಸಿರಿಲ್ ಕೂತ. ಹಿಲ್ಡಾ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ತೊಡೆಯ ಮೇಲೆ ಒಂದು ನೀಲಿ ನೋಟುಪುಸ್ತಕ ಇಟ್ಟುಕೊಂಡರು. ಕೂತ ಮೇಲೆ ಅವರ ಎರಡೂ ಹಿಮ್ಮಡಿಗಳು ಕಾರ್ಪೆಟ್ಟಿನ ಎರಡು ತೂತುಗಳಲ್ಲಿ ತಾವಾಗಿಯೇ ಹೋಗಿ ಕೂತದ್ದನ್ನು ನಾನು ನೋಡಿದೆ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಲುಡ್ಲೋಗೆ ಹೋಗುವವನ ಕಾರಿನಲ್ಲಿ ಈ ಕಡೆಯ ಕಾರ್ಪೆಟ್ಟು ಯಾಕೆ ತೂತಾಗಬೇಕು? ಸಿರಿಲ್‌ನ ಭೂತಗನ್ನಡಿ ಈ ಕಡೆಗೆ ಬಂದೇ ಇರಲಿಲ್ಲ. ನನ್ನ ಕನ್ನಡಕವೂ ಬಂದಿರಲಿಲ್ಲ.

“ಅರವತ್ನಾಲ್ಕರಲ್ಲಿ, ಒಂದು ಬೆಳಗ್ಗೆ, ತಿಂಡಿ ತಿನ್ನುವಾಗ ಐವರ್‌ಗೆ ಮೂರ್ಛೆ ಬಂತು,” ಎಂದರು ಹಿಲ್ಡಾ. “ಆ ವಾರದಲ್ಲೇ ಇನ್ನೊಂದು ಸಲ. ಇನ್ನು ಕಾರು ಮುಟ್ಟಕೂಡದು ಅಂದ್ರು ಡಾಕ್ಟರು. ಆಫೀಸಲ್ಲಿ ಗೊತ್ತಾಗಿದ್ರೆ ಕೆಲಸದಿಂದ ತೆಗೀತಿದ್ರು. ಆಗೆಲ್ಲ ಹಾಗೇ. ಅವರಿಗೆ ಅದೊಂದು ದೊಡ್ಡ ನಾಚಿಕೆ ಆಗೋಯ್ತು. ಯಾರಿಗೂ ಹೇಳಬೇಡ ಹಿಲ್ಡಾ ಅಂದ್ರು. ನಾನು ಹೇಳಲಿಲ್ಲ.”

ಸಿರಿಲ್ ಸ್ಟೀರಿಂಗಿನಿಂದ ಕೈ ತೆಗೆದ.

“ಕಾರು ಮಾರೋಕೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಊಟ ಆದಮೇಲೆ ಇಲ್ಲಿ ಬಂದು ಸುಮ್ಮನೆ ಕೂತಿದ್ರು. ನಾನೂ ಬಂದು ಕೂತೆ. ‘ಎಲ್ಲಿಗೆ ಹೋಗೋಣ?’ ಅಂದೆ, ತಮಾಷೆಗೆ. ‘ಟೆನ್‌ಬಿ ಕಡಲತೀರಕ್ಕೆ’ ಅಂದ್ರು. ನಾನು ಮ್ಯಾಪ್ ತಂದೆ.” ಅವರು ನೋಟುಪುಸ್ತಕ ತೆರೆದರು. “ನಾನು ದಾರಿ ಓದೋದು. ಎಡಕ್ಕೆ ತಿರುಗಿ, ಈಗ ಏರು, ಈಗ ಊರೊಳಗೆ ನಿಧಾನ. ಅವರು ಕ್ಲಚ್ ಒತ್ತೋದು, ಗೇರು ಹಾಕೋದು. ಎಂಜಿನ್ ಹಾಕ್ತಿರಲಿಲ್ಲ. ಟೆನ್‌ಬಿಗೆ ಮೂರು ಭಾನುವಾರ ಹಿಡೀತು.”

ಅವರು ಓದಿದರು. ‘ಜೂನ್ 27, 1971. ಗ್ಲೆನ್‌ಕೋ ಕಣಿವೆ ದಾಟಿದೆವು. ಮಳೆ. ಐವರ್ ಬಹಳ ಎಚ್ಚರದಿಂದ ಓಡಿಸಿದರು.’ ‘ಮೇ 6, 1973. ಆಲ್ಪ್ಸ್ ಏರಲು ಶುರು.’

“ಆಲ್ಪ್ಸಾ?” ಎಂದೆ ನಾನು, ತಡೆಯಲಾರದೆ.

“ಇಟಲೀವರೆಗೂ. ಆ ದೇಶದಲ್ಲಿ ರಸ್ತೆಯ ಬಲಗಡೆ ಓಡಿಸಬೇಕಲ್ಲ, ಮೊದಲನೇ ದಿನ ಐವರ್‌ಗೆ ತುಂಬ ಕಷ್ಟ ಆಯ್ತು.”

ನಗು ಬರಬೇಕಾದ ಮಾತು. ನನಗೆ ಬರಲಿಲ್ಲ. ನಾನು ತಲೆ ತಗ್ಗಿಸಿದಾಗ ಮುಂದಿನ ಟೈರು ಕಣ್ಣಿಗೆ ಬಿತ್ತು. ಸುತ್ತಲೂ ಹೊಸದರಂತೆ ಗೀರುಗಳಿದ್ದ ಆ ಟೈರು, ನೆಲಕ್ಕೆ ತಾಗುವ ಅಂಗೈಯಗಲದ ಜಾಗದಲ್ಲಿ ಮಾತ್ರ ಬೋಳಾಗಿತ್ತು. ಅದರಡಿಯ ಕಾಂಕ್ರೀಟು, ನಿಂತಲ್ಲೇ ಚಕ್ರ ತಿರುಗಿಸಿ ತಿರುಗಿಸಿ, ಕಪ್ಪಗೆ ಹೊಳೆಯುತ್ತಿತ್ತು. ಸಿರಿಲ್ ಕೂಡ ಬಾಗಿಲಿನಿಂದ ಬಗ್ಗಿ ಅದನ್ನೇ ನೋಡುತ್ತಿದ್ದ. ಮೂವತ್ತೆಂಟು ವರ್ಷ ಅಟ್ಟೆ ನೋಡಿ ಬದುಕಿದವನು, ಕಾರಿನ ಅಟ್ಟೆಯನ್ನು ನೋಡುವುದನ್ನೇ ಬಿಟ್ಟಿದ್ದ.

“ಮೈಲಿ ನಿಜ,” ಎಂದ. “ಆರು ಸಾವಿರ ನಿಜ.”

“ನೀವು ಅವತ್ತು ಒಂದು ಲಕ್ಷ ಅಂದಾಗ,” ಎಂದರು ಹಿಲ್ಡಾ, “ಬರೀ ರಬ್ಬರು ನೋಡಿ ನಮ್ಮ ಪ್ರಯಾಣ ಎಲ್ಲಾ ಗುರುತು ಹಿಡಿದುಬಿಟ್ರಿ ಅಂದ್ಕೊಂಡೆ ನಾನು. ಎಂಥ ಮನುಷ್ಯ, ಬಾಯಿಬಿಟ್ಟು ಕೇಳದೆ ಅರ್ಥ ಮಾಡ್ಕೊಂಡ್ರಲ್ಲ ಅಂತ. ರಾತ್ರಿ ಐವರ್‌ನ ಫೋಟೋಗೂ ಹೇಳಿದೆ. ಒಂದು ಲಕ್ಷ ಮೈಲಿ ಆಗಿದ್ಯಂತೆ ರೀ, ಅಂತ.”

ಸಿರಿಲ್ ಕಾರಿನಿಂದ ಇಳಿದು, ನಿಲುವಂಗಿಯ ಗುಂಡಿ ಬಿಚ್ಚತೊಡಗಿದ. ಒಂದು ಗುಂಡಿ ಸಿಕ್ಕಿಕೊಂಡಿತು. ಎಳೆದ. ಅದು ಕಿತ್ತು ಎಲ್ಲೋ ಉರುಳಿಹೋಯಿತು. ಯಾರೂ ಹುಡುಕಲಿಲ್ಲ.

“ನಾಳೇನೇ ಇಡೀ ಊರಿಗೆ ಹೇಳ್ತೀನಿ ಮಿಸೆಸ್ ಪ್ರಾಸರ್. ಮನೆಮನೆಗೆ ಹೋಗಿ ಹೇಳ್ತೀನಿ.”

“ಏನಂತ ಹೇಳ್ತೀರಾ? ಮೂರ್ಛೆ ರೋಗ ಇತ್ತು ಅಂತಾನಾ? ಗಂಡ ಹೆಂಡ್ತಿ ಮಕ್ಕಳ ಹಾಗೆ ಗ್ಯಾರೇಜಲ್ಲಿ ಆಟ ಆಡ್ತಿದ್ರು ಅಂತಾನಾ? ನಾನಿರೋ ತನಕ ಅದು ಹೊರಗೆ ಹೋಗಕೂಡದು. ನಾನು ಹೋದಮೇಲೆ ಏನು ಬೇಕಾದ್ರೂ ಹೇಳ್ಕೊಳ್ಳಿ. ಆದ್ರೆ ಲುಡ್ಲೋದವಳನ್ನ ನೀವು ತಂದಿದ್ದು, ನೀವೇ ಕಳಿಸಿ.”

ಇದು ಹೇಗೆ ಸಾಧ್ಯ ಎಂದು ನಾವಿಬ್ಬರೂ ದಾರಿಯುದ್ದಕ್ಕೂ ಯೋಚಿಸಿದೆವು. ಪೆಡಲು ಸವೆದದ್ದು ನಿಜ. ಅದಕ್ಕೊಂದು ಕಾರಣ ಬೇಕು. ನಿಜವಾದ ಕಾರಣ ಹೇಳುವಂತಿಲ್ಲ. ಉಳಿದದ್ದು ಒಂದೇ ದಾರಿ, ಅದನ್ನು ನೋಡಿದವನಿಗೆ ಬುದ್ಧಿಯಿಲ್ಲ ಎನ್ನುವುದು. ಸಿರಿಲ್ ಆ ದಾರಿಯನ್ನು ಹಿಡಿದ.

ಪ್ರದರ್ಶನದ ದಿನ ಕ್ರಿಕೆಟ್ ಮೈದಾನದಲ್ಲಿ ಊರಿಗೆ ಊರೇ ನೆರೆದಿತ್ತು. ಡೆನ್ಜಿಲ್ ಕರೆಸಿದ ಮೆಕ್ಯಾನಿಕ್ಕು ಹೊಸ ಟೈರು, ಹೊಸ ಪೆಡಲು ರಬ್ಬರು ಹಾಕಿ ಎಂಜಿನ್ ಎಬ್ಬಿಸಿದ್ದ. ಹೊಸ ತೆರಿಗೆ ಚೀಟಿಯೂ ಬಂದಿತ್ತು. ಕೆಂಪು ಕಾರು ನಡುವೆ ನಿಂತಿತ್ತು. ಜನ ಅದರ ಸುತ್ತ ತಿರುಗಿ, ಲುಡ್ಲೋದವಳು ಕೂತಿದ್ದ ಸೀಟು ಯಾವುದೆಂದು ಪಿಸುಗುಡುತ್ತಿದ್ದರು. ಹಿಲ್ಡಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ಸಿರಿಲ್ ಮೈಕಿನ ಮುಂದೆ ಬಂದ. ಬರಿಯ ಸ್ವೆಟರಿನಲ್ಲಿ ಅವನು ಇದ್ದದ್ದಕ್ಕಿಂತ ಚಿಕ್ಕವನಾಗಿ ಕಂಡ.

“ಈ ಕಾರು ಓಡಿರೋದು ಆರು ಸಾವಿರದ ನಾನೂರ ಹನ್ನೆರಡು ಮೈಲಿ. ಒಂದು ಅಂಗುಲಾನೂ ಜಾಸ್ತಿ ಇಲ್ಲ. ನಾನು ಹೇಳಿದ್ದು ತಪ್ಪು.”

“ಪೆಡಲು ಸವೆದಿತ್ತು ಅಂದ್ಯಲ್ಲಯ್ಯ!” ಎಂದು ಡೆನ್ಜಿಲ್ ಕೂಗಿದ.

“ಅದು... ಅವತ್ತು ನಾನು ಎನಿಡ್‌ನ ಕನ್ನಡಕ ಹಾಕ್ಕೊಂಡು ಹೋಗಿದ್ದೆ.”

ಜನ ಕೊಳ್ಳೆಂದು ನಕ್ಕರು. ಮೆಕ್ಯಾನಿಕ್ಕು ಕೈಯೆತ್ತಿದ. “ಇಲ್ಲ ಸ್ವಾಮಿ, ಸವೆದಿದ್ದದ್ದು ನಿಜ, ನಾನೇ ಬದಲಾಯಿಸಿದ್ದು.”

ಸಿರಿಲ್ ನುಂಗಿದ ಉಗುಳು ಮೈಕಿನಲ್ಲಿ ಕೇಳಿಸಿತು. “ಹಾಗಾದ್ರೆ ಅದನ್ನ ನಾನೇ ಸವೆಸಿರಬೇಕು. ಉಗುರಲ್ಲಿ ಕೆರೆದು ಕೆರೆದು ನೋಡಿದೆ. ಮೂವತ್ತು ವರ್ಷದ ರಬ್ಬರು, ಪುಡಿಪುಡಿ ಆಗೋಯ್ತು. ತಪ್ಪು ಮುಚ್ಚಿಕೊಳ್ಳೋಕೆ ಒಂದು ಲಕ್ಷ ಅಂದುಬಿಟ್ಟೆ. ನನಗೆ ಕಾರಿನ ವಿಷಯ ಏನೂ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ಐವರ್ ಪ್ರಾಸರ್ ಲುಡ್ಲೋಗೆ ಹೋಗಿಲ್ಲ. ಲುಡ್ಲೋಲಿ ಯಾರೂ ಇಲ್ಲ.”

“ನಾನು ನೋಡಿದ್ದು ನೋಡಿದ್ದೇ!” ಎಂದಳು ಮ್ಯೂರಿಯಲ್ ಗುಂಪಿನ ನಡುವಿನಿಂದ.

“ಮ್ಯೂರಿಯಲ್,” ಎಂದ ಸಿರಿಲ್, “ನೀನು ಮೂವತ್ತಾರು ವರ್ಷ ನನ್ನ ಅಂಗಡೀಲಿ ಐದನೇ ಅಳತೆ ಬೂಟು ಕೇಳಿದೀಯ. ನಾನು ಆರೂವರೆ ಕೊಟ್ಟು ಐದು ಅಂತ ಹೇಳಿ ಕಳಿಸಿದೀನಿ. ನಾವಿಬ್ರೂ ಅಳತೆ ವಿಷಯದಲ್ಲಿ ಬಾಯಿ ಮುಚ್ಕೊಂಡಿರೋದು ವಾಸಿ.”

ಆ ನಗು ಬೌಂಡರಿ ಗೆರೆಯವರೆಗೂ ಹೋಯಿತು. ಆದರೆ ಅದು ಮ್ಯೂರಿಯಲ್‌ಳನ್ನು ಒಂದು ನಿಮಿಷ ಮುಟ್ಟಿ, ಮತ್ತೆ ಸಿರಿಲ್‌ನ ಮೇಲೆಯೇ ಬಂದು ಕೂತಿತು. ‘ಎನಿಡ್ ಕನ್ನಡಕ’ ಎಂಬ ಹೆಸರು ಅವನಿಗೆ ಅಂದೇ ಬಿತ್ತು. ಡೆನ್ಜಿಲ್ ಅಲ್ಲೇ ಅವನನ್ನು ಪರೀಕ್ಷಕನ ಸ್ಥಾನದಿಂದ ತೆಗೆದುಹಾಕಿದ. ಯಾರೋ, ಬರ್ಮಿಂಗ್‌ಹ್ಯಾಮ್ ವ್ಯಾಪಾರಿಗೂ ಕ್ಷಮಾಪಣೆ ಕಾಗದ ಬರೆಯಬೇಕೆಂದು ಸೂಚಿಸಿದರು. ಬರೆಯುತ್ತೇನೆ ಎಂದ ಸಿರಿಲ್. ಬಹುಶಃ ಅವನು ಸರಿಯಾಗಿ ಹೇಳಿದ್ದು ಅದೊಂದೇ ಕಾರಿನ ಬಗ್ಗೆ.

ನಾನು ನಡಾವಳಿ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಲುಡ್ಲೋ ಎಂದು ಬರೆದ ಕೈ ನನ್ನದು. ಕಾನ್‌ಸ್ಟೇಬಲ್‌ಗೆ ಹೋದದ್ದೂ ನಾನು ಬರೆದ ಹಾಳೆಯ ಪ್ರತಿಯೇ. ಮುಂದೆ ಬಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೂ ನಗುವಾಗ ನಾನೂ ಸ್ವಲ್ಪ ನಕ್ಕೆ.

ಎನಿಡ್ ನಗಲಿಲ್ಲ. ಮೈಕಿನಿಂದ ಇಳಿದವನ ಪಕ್ಕ ಹೋಗಿ ನಿಂತಳು. ತನ್ನ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅದನ್ನು ಅವನು ಎಂದೂ ಮುಟ್ಟಿದವನಲ್ಲ ಎಂಬುದು ಅವಳಿಗೆ ಗೊತ್ತಿರದೆ ಇರುತ್ತದೆಯೇ? “ಕಾಲರ್ ಸರಿ ಮಾಡ್ಕೊಳ್ಳಿ,” ಎಂದಳು ಅಷ್ಟೇ.

ಆಗ ಹಿಲ್ಡಾ ಕುರ್ಚಿಯಿಂದ ಎದ್ದು ಬಂದರು.

“ಟಿಕೆಟ್ ಎತ್ತೋಕೆ ಇನ್ನೂ ಒಂದು ಗಂಟೆ ಇದೆಯಲ್ಲ. ಮಿಸ್ಟರ್ ಬ್ಯಾಗ್ನಾಲ್, ನಿಮಗೆ ಇದನ್ನ ಓಡಿಸೋಕೆ ಬರುತ್ತಾ? ಬೆಟ್ಟದ ತನಕ ಹೋಗಿ ಬರೋಣ ಅಂತ.”

“ನಾನಾ? ನನಗೆ... ಬೇರೆ ಯಾರಾದ್ರೂ...”

“ನೀವೇ.”

ಅವರು ತಲೆಗೆ ವಸ್ತ್ರ ಕಟ್ಟಿಕೊಂಡು, ಮ್ಯಾಪನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂತರು. ಬೆಟ್ಟ ಎದುರಿಗೇ ಕಾಣುತ್ತಿತ್ತು, ಹೋಗುವ ರಸ್ತೆ ಒಂದೇ. ಆದರೂ ಮ್ಯಾಪು ಬೇಕಿತ್ತು. ಸಿರಿಲ್ ಎಂಜಿನ್ ಹಾಕಿದ. ಗೇರು ‘ಕರ್ರ್’ ಎಂದಿತು. ಜನ ಮತ್ತೆ ನಕ್ಕರು. ಕಾರು ಎರಡು ಸಲ ಜಿಗಿದು ಗೇಟು ದಾಟಿತು.

ಮುಕ್ಕಾಲು ಗಂಟೆಯ ಮೇಲೆ ವಾಪಸು ಬಂತು. ಆ ಹೊತ್ತಿಗೆ ಎಲ್ಲರೂ ಟೀ ಟೆಂಟಿನಲ್ಲಿದ್ದರು, ಗೇಟಿನ ಬಳಿ ನಾನೊಬ್ಬನೇ. ಹಿಲ್ಡಾರ ಕೆನ್ನೆ ಗಾಳಿಗೆ ಕೆಂಪಾಗಿತ್ತು. ತಲೆಯ ವಸ್ತ್ರ ಜಾರಿ ಕೊರಳಿಗೆ ಬಂದಿತ್ತು. ನಾನು ಬಾಗಿಲು ತೆರೆದು, “ಹೇಗಿತ್ತು ಮಿಸೆಸ್ ಪ್ರಾಸರ್?” ಎಂದೆ.

ಅವರು ಇಳಿದು, ಮ್ಯಾಪನ್ನು ಅದರ ಹಳೆಯ ಮಡಿಕೆಗಳಲ್ಲೇ ನಿಧಾನವಾಗಿ ಮಡಚಿದರು.

“ಗಾಳಿ ಜಾಸ್ತಿ,” ಎಂದರು. “ಮಿಸ್ಟರ್ ಬ್ಯಾಗ್ನಾಲ್ ನಾಲ್ಕು ಸಲ ಗೇರು ಕರ್ರ್ ಅನ್ನಿಸಿದ್ರು. ಏರಲ್ಲಿ ಒಂದು ಸಲ ನಿಂತೇಹೋಯ್ತು. ಒಂದೇ ಒಂದು ರಸ್ತೆ, ಅದರಲ್ಲೂ ದಾರಿ ತಪ್ಪಿಸಿದ್ರು. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳ್ತೀನಿ. ನಮ್ಮ ಐವರ್ ಎಷ್ಟು ಚೆನ್ನಾಗಿ ಓಡಿಸ್ತಿದ್ರು.”

“ಹೌದು ಮಿಸೆಸ್ ಪ್ರಾಸರ್,” ಎಂದ ಸಿರಿಲ್. ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ, ಇಳಿಯಲಿಲ್ಲ. “ಹೌದು. ಖಂಡಿತ ಚೆನ್ನಾಗಿ ಓಡಿಸ್ತಿದ್ರು.”

ಹಿಲ್ಡಾ ಟೀ ಟೆಂಟಿನ ಕಡೆಗೆ ನಡೆದರು. ನಾನು ಸಿರಿಲ್‌ಗೆ ಕರವಸ್ತ್ರ ಕೊಟ್ಟು, ಅವನು ಇಳಿಯುವ ತನಕ ಬೇರೆ ಕಡೆ ನೋಡುತ್ತ ನಿಂತೆ.